ಹೊಲಿಗೆ ಅಂಗಡಿಯ ಕಾಮಿಕ್ಸ್ ಕಪಾಟು

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಬ್ಲೌಸ್, ಫಾಲ್, ಪಿಕೋ, ಶಾಲೆ ಮಕ್ಕಳ ಯುನಿಫಾರ್ಮ್. ಬಾಗಿಲ ಹತ್ತಿರ ಒಂದು ಬೆಂಚು, ಬೆಂಚಿನ ಪಕ್ಕ ಒಂದು ಕಬ್ಬಿಣದ ಕಪಾಟು. ಮೇಲಿನ ಎರಡು ಖಾನೆಯಲ್ಲಿ ಲೈನಿಂಗ್ ಬಟ್ಟೆ. ಕೆಳಗಿನ ಮೂರು ಖಾನೆ ತುಂಬ ಕಾಮಿಕ್ಸ್. ತಾಯಂದಿರು ಅಳತೆ ಕೊಟ್ಟು, ಗೋಟು ಆರಿಸಿ, ಎರಡು ಮಾತಾಡಿ ಹೋಗುವ ತನಕ ಮಕ್ಕಳು ಕೂತು ಓದಲಿ ಅಂತ ಆರು ವರ್ಷದ ಹಿಂದೆ ಶುರು ಮಾಡಿದ್ದು. ಈಗ ತಾಯಂದಿರು ಇಲ್ಲದೆ ಬರೀ ಮಕ್ಕಳೇ ಬರುತ್ತಾರೆ. ಮದುವೆ ಸೀಸನ್ನಿನಲ್ಲಿ ಬೆಂಚು ಸಾಲುವುದಿಲ್ಲ, ಕೆಳಗೆ ಚಾಪೆ ಹಾಸುತ್ತೇನೆ.

ಹೋದ ತಿಂಗಳು ಗುಳೇದಗುಡ್ಡದ ಖಣ ಹೊಲಿಸಲು ಬಂದ ಒಬ್ಬ ತಾಯಿ ಕೇಳಿದರು: "ಅಕ್ಕಾರ, ಕಾಮಿಕ್ಸ್ ಕೊಡಸು ಅಂತ ಮಗಾ ಗಂಟ ಬಿದ್ದಾನ್ರಿ. ಒಂದೊಂದಕ್ಕ ಐನೂರು ರೂಪಾಯಿ ಅಂತ. ಯಾವ್ದು ತಗೊಳ್ಳಿ, ಯಾವ್ದು ಬಿಡ್ಲಿ?" ಅವತ್ತು ಅಂಗಡಿಯಲ್ಲಿ ಜನ ಜಾಸ್ತಿ ಇದ್ದರು, ಸರಿಯಾಗಿ ಹೇಳಲು ಆಗಲಿಲ್ಲ. ಐನೂರು ರೂಪಾಯಿ ಅಂದರೆ ನನಗೆ ಎರಡು ಬ್ಲೌಸ್ ಹೊಲಿದ ದುಡ್ಡು. ಆ ಲೆಕ್ಕದಲ್ಲೇ ನಾನು ಪ್ರತಿ ಪುಸ್ತಕ ಕೊಂಡಿದ್ದೇನೆ. ಹಾಗಾಗಿ ಈಗ ಸಮಾಧಾನದಿಂದ ಪೂರ್ತಿ ಉತ್ತರ ಬರೆಯುತ್ತಿದ್ದೇನೆ.

ನನ್ನ ಪರೀಕ್ಷೆ ಒಂದೇ. ಪುಸ್ತಕದ ನಡುವಿನ ಒಂದು ಪುಟ ತೆಗೆಯುತ್ತೇನೆ. ಮಾತು ಬರೆದಿರುವ ಗುಳ್ಳೆಗಳ ಮೇಲೆ ಬೆರಳಿಟ್ಟು ಮುಚ್ಚುತ್ತೇನೆ. ಬರೀ ಚಿತ್ರ ನೋಡುತ್ತೇನೆ. ಯಾರಿಗೆ ಸಿಟ್ಟು ಬಂದಿದೆ, ಯಾರು ಸುಳ್ಳು ಹೇಳುತ್ತಿದ್ದಾರೆ, ಯಾರು ಒಳಗೊಳಗೇ ಹೆದರಿದ್ದಾರೆ, ಇಷ್ಟು ತಿಳಿದರೆ ಆ ಪುಸ್ತಕ ಬುಟ್ಟಿಗೆ. ತಿಳಿಯದಿದ್ದರೆ ವಾಪಸ್ ಇಡುತ್ತೇನೆ. ಚಿತ್ರ ಕಥೆ ಹೇಳದಿದ್ದರೆ ಅದು ಕಾಮಿಕ್ಸ್ ಯಾಕೆ ಆಗಬೇಕು? ಅದನ್ನು ಸುಮ್ನೆ ಕಥೆಯಾಗಿಯೇ ಬರೆಯಬಹುದಿತ್ತು, ಅಲ್ವಾ?

ಈ ಪರೀಕ್ಷೆಯನ್ನು ನನಗೆ ಯಾರೂ ಕಲಿಸಲಿಲ್ಲ. ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಹಳೆ ಬಾಗಲಕೋಟೆಯ ಪೇಟೆಯಲ್ಲಿ ಒಬ್ಬ ಕಾಕಾ ರದ್ದಿ ಅಂಗಡಿ ಇಟ್ಟಿದ್ದರು. ಅಂಗಡಿಗೆ ಅಡ್ಡ ಹಗ್ಗ ಕಟ್ಟಿ, ಅರಿವೆ ಒಣ ಹಾಕಿದ ಹಾಗೆ ಕಾಮಿಕ್ಸ್ ನೇತು ಹಾಕುತ್ತಿದ್ದರು. ಅಲ್ಲೇ ಕೂತು ಓದಿದರೆ ನಾಲ್ಕಾಣೆ, ಮನೆಗೆ ಒಯ್ದರೆ ಎಂಟಾಣೆ. ರದ್ದಿ ಬರುತ್ತಿದ್ದದ್ದು ಸೊಲ್ಲಾಪುರದ ಕಡೆಯಿಂದ, ರೈಲಿನಲ್ಲಿ. ಹಾಗಾಗಿ ಹತ್ತರಲ್ಲಿ ಎಂಟು ಮರಾಠಿ, ಉಳಿದದ್ದು ಹಿಂದಿ. ನನಗೆ ಮರಾಠಿ ಬರುತ್ತಿರಲಿಲ್ಲ. ಹಿಂದಿ ಇನ್ನೂ ಶಾಲೆಯಲ್ಲಿ ಶುರುವಾಗಿರಲಿಲ್ಲ. ಎರಡು ವರ್ಷ ನಾನು ಒಂದಕ್ಷರ ಓದದೆ ಕಾಮಿಕ್ಸ್ ಓದಿದೆ. ಕೆಲವು ಪುಸ್ತಕ ನನಗೆ ಪೂರ್ತಿ ತಿಳಿಯುತ್ತಿತ್ತು. ಕೆಲವು ಎಷ್ಟು ನೋಡಿದರೂ ಬರೀ ಬಾಯಿ ತೆರೆದುಕೊಂಡು ನಿಂತ ಜನ. ಅವತ್ತೇ ಈ ವ್ಯತ್ಯಾಸ ತಲೆಯಲ್ಲಿ ಕೂತಿತು. ಆಮೇಲೆ ಆಲಮಟ್ಟಿಯ ಹಿನ್ನೀರು ಬಂತು, ಮನೆ ಬಿಟ್ಟು ನಾವು ನವನಗರಕ್ಕೆ ಬಂದೆವು. ಕಾಕಾ ಎಲ್ಲಿಗೆ ಹೋದರೋ. ಅವರ ಹಗ್ಗ ಮಾತ್ರ ಇವತ್ತಿಗೂ ಕಣ್ಣ ಮುಂದಿದೆ.

ಆ ಹಗ್ಗದ ಮೇಲೆ ಹೆಚ್ಚು ಇರುತ್ತಿದ್ದದ್ದು ವೇತಾಳ. ಇಂಗ್ಲಿಷಿನ ಫ್ಯಾಂಟಮ್‌ಗೆ ಮರಾಠಿಯಲ್ಲಿ, ಹಿಂದಿಯಲ್ಲಿ ಇಟ್ಟ ಹೆಸರು. ಲೀ ಫಾಕ್ 1936ರಲ್ಲಿ ಶುರು ಮಾಡಿದ, ಕಾಡಿನಲ್ಲಿದ್ದು ದುಷ್ಟರನ್ನು ಬಡಿಯುವ ಮುಖವಾಡದ ವೀರನ ಕಥೆ. ನಮ್ಮಲ್ಲಿಗೆ ಬಂದದ್ದು ಇಂದ್ರಜಾಲ ಕಾಮಿಕ್ಸ್ ಮೂಲಕ, 1964ರಿಂದ 1990ರವರೆಗೆ. ನಾನು ಓದುವ ಹೊತ್ತಿಗೆ ಅದು ನಿಂತು ಹೋಗಿತ್ತು, ರದ್ದಿಯಲ್ಲಿ ಮಾತ್ರ ಉಳಿದಿತ್ತು. ಬೆರಳಿಟ್ಟು ನೋಡಿದರೆ ವೇತಾಳ ಚೆನ್ನಾಗಿ ಪಾಸಾಗುತ್ತಾನೆ. ಅದರಲ್ಲೂ ಸೈ ಬ್ಯಾರಿ ಬಿಡಿಸಿದ ಕಥೆಗಳು. ಕಾಡಿನ ಕತ್ತಲು, ಗುಹೆಯ ಬೆಳಕು, ಗುದ್ದು ತಿಂದವನ ಗಲ್ಲದ ಮೇಲೆ ಮೂಡುವ, ವೇತಾಳನ ಉಂಗುರದ ತಲೆಬುರುಡೆ ಗುರುತು. ಇದಕ್ಕೆ ಯಾವ ಮರಾಠಿ ಬೇಕು?

ಆದರೆ ಈಗ ಓದಿದಾಗ ಒಂದು ವಿಷಯ ಚುಚ್ಚುತ್ತದೆ. ಕಾಡು ಅಲ್ಲಿಯ ಜನರದ್ದು. ಅಲ್ಲಿ ನ್ಯಾಯ ಹೇಳುವವನು ಮಾತ್ರ ತಲೆತಲಾಂತರದಿಂದ ಒಬ್ಬ ಬಿಳಿಯ. ಅವನ ಮುಂದೆ ಎಲ್ಲರೂ ಕೈಕಟ್ಟಿ ನಿಲ್ಲುತ್ತಾರೆ. ಓದಬೇಡಿ ಅಂತ ನಾನು ಹೇಳುವುದಿಲ್ಲ, ನನ್ನ ಕಪಾಟಿನಲ್ಲಿ ನಾಲ್ಕಿವೆ. ಮಕ್ಕಳು ಅದನ್ನು ಕೈಗೆ ತಗೊಂಡಾಗ ಈ ಮಾತು ಒಂದು ಸಲ ಹೇಳಿಬಿಡುತ್ತೇನೆ, ಅಷ್ಟೇ. ಹಳೆಯ ಪ್ರತಿಗಳಿಗೆ ಸಂಗ್ರಹ ಮಾಡುವವರು ಬಹಳ ದುಡ್ಡು ಕೊಡುತ್ತಾರೆ. ನೀವು ಓದುವುದಕ್ಕೆ ಕೊಳ್ಳುವವರಾದರೆ ಅಷ್ಟು ಕೊಡಬೇಡಿ.

ಅಮರ ಚಿತ್ರಕಥೆ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ನಮ್ಮ ಕಡೆ ಕಾಮಿಕ್ಸ್ ಅಂದರೆ ಹೆಚ್ಚಿನ ತಂದೆ-ತಾಯಿಗೆ ಅದೊಂದೇ ಗೊತ್ತು. ಇದನ್ನು ಕಟ್ಟಿದ ಅನಂತ ಪೈ ಕಾರ್ಕಳದಲ್ಲಿ ಹುಟ್ಟಿದವರು. ಇನ್ನೊಂದು ಸಂಗತಿ ಕೇಳಿದರೆ ನಿಮಗೆ ಖುಷಿಯಾಗುತ್ತದೆ. ಈ ಸರಣಿಯ ಮೊದಲ 10 ಪುಸ್ತಕ ಬಂದದ್ದು ಕನ್ನಡದಲ್ಲಿ! ಅವು ಸಿಂಡರೆಲ್ಲಾ ಥರದ ವಿದೇಶದ ಕಥೆಗಳು. ನಮ್ಮ ಪುರಾಣದ ಕಥೆ ಶುರುವಾದದ್ದು ಅವುಗಳ ಆಮೇಲೆ. ಅದಕ್ಕೇ ರಾಮ್ ವಾಯೀರ್ಕರ್ ಚಿತ್ರ ಬಿಡಿಸಿದ 'ಕೃಷ್ಣ'ದ ನಂಬರ್ ಒಂದಲ್ಲ, 11.

'ಕೃಷ್ಣ' ನನ್ನ ಪರೀಕ್ಷೆಯಲ್ಲಿ ಪಾಸು. ಬೆಣ್ಣೆ ಕದ್ದವನ ಮುಖ ನೋಡಿದರೆ ಸಾಕು. ಆದರೆ ಸರಣಿಯ ಎಷ್ಟೋ ಪುಸ್ತಕಗಳಲ್ಲಿ ಮಾತು ಮುಚ್ಚಿದರೆ ಉಳಿಯುವುದು ಸಿಂಹಾಸನದ ಮೇಲೆ ಕೂತ ರಾಜ, ಎದುರಿಗೆ ನಿಂತ ಮಂತ್ರಿ, ಮತ್ತೆ ರಾಜ, ಮತ್ತೆ ಮಂತ್ರಿ. ಕಥೆಯೆಲ್ಲಾ ಮೇಲಿನ ಹಳದಿ ಪಟ್ಟಿಯಲ್ಲಿ ಬರೆದುಬಿಟ್ಟಿರುತ್ತಾರೆ. ಹಾಗಾಗಿ ಪೂರ್ತಿ ಸೆಟ್ ಕೊಳ್ಳಬೇಡಿ. ಅಂಗಡಿಯಲ್ಲಿ ನಿಂತು ಪುಟ ತಿರುವಿ, ಒಂದೊಂದೇ ಆರಿಸಿ. ಪಂಚತಂತ್ರ, ಜಾತಕದ ಪ್ರಾಣಿ ಕಥೆಗಳು ಸಾಮಾನ್ಯವಾಗಿ ಮೋಸ ಮಾಡುವುದಿಲ್ಲ. ಪ್ರಾಣಿಗಳನ್ನು ಸುಮ್ಮನೆ ನಿಲ್ಲಿಸಿ ಭಾಷಣ ಮಾಡಿಸಲು ಆಗುವುದಿಲ್ಲವಲ್ಲ, ಅವು ಓಡಲೇಬೇಕು, ಹಾರಲೇಬೇಕು.

ಇದೇ ಸರಣಿಯಿಂದ ನನಗೆ ಒಂದು ಸಂಕಟವೂ ಆಯಿತು. ನನ್ನ ಅಂಗಡಿಗೆ ಹುಕ್ಕು, ಕಾಜಾ ಮಾಡಲು ಬರುವ ತಂಗಿಗೆ ಒಂಬತ್ತು ವರ್ಷದ ಮಗಳು. ಶಾಲೆ ಬಿಟ್ಟ ಮೇಲೆ ಇಲ್ಲೇ ಇರುತ್ತಾಳೆ. ಕಪಾಟಿನ ಎಲ್ಲಾ ಪುಸ್ತಕ ಅವಳಿಗೆ ಬಾಯಿಪಾಠ. ಒಂದು ದಿನ ಪುಸ್ತಕ ಹಿಡಿದುಕೊಂಡು ಬಂದು ಕೇಳಿದಳು: "ದೊಡ್ಡವ್ವಾ, ರಾಕ್ಷಸರೆಲ್ಲಾ ನನ್ನಂಗ ಕರ್ರಗ ಯಾಕ ಅದಾರ?" ನಾನು ಮಷೀನ್ ನಿಲ್ಲಿಸಿದೆ. ಪುಸ್ತಕ ತಗೊಂಡು ನೋಡಿದೆ. ಹೌದು, ದೇವತೆಗಳು, ರಾಜಕುಮಾರಿಯರು ಬೆಳ್ಳಗೆ. ರಾಕ್ಷಸರು, ಸೇವಕರು ಕಪ್ಪಗೆ. ನಾನು ಎಷ್ಟು ವರ್ಷದಿಂದ ನೋಡಿದ್ದೆ, ಕಣ್ಣಿಗೆ ಬಿದ್ದಿರಲಿಲ್ಲ. ಅವಳಿಗೆ ಏನು ಹೇಳಿದೆ ಅಂತ ನೆನಪಿಲ್ಲ. ಏನು ಹೇಳಿದ್ದರೂ ಅದು ಸಾಲುತ್ತಿರಲಿಲ್ಲ.

ಅದಾದ ಮೇಲೆ ಬಂದ ಅಮಾವಾಸ್ಯೆಗೆ ಅಂಗಡಿ ಮುಚ್ಚಿ, ಅವಳನ್ನೂ ನನ್ನ ಮಗಳನ್ನೂ ಕರೆದುಕೊಂಡು ಬಾದಾಮಿ ಮೇಲೆ ಪಟ್ಟದಕಲ್ಲಿಗೆ ಹೋದೆ. ಅಲ್ಲಿ ವಿರೂಪಾಕ್ಷ ಗುಡಿಯ ಕಂಬಗಳ ಮೇಲೆ ರಾಮಾಯಣವನ್ನು ಪಟ್ಟಿ ಪಟ್ಟಿಯಾಗಿ ಕೆತ್ತಿದ್ದಾರೆ. ಸ್ವಲ್ಪ ಆಚೆ ಇರುವ ಪಾಪನಾಥ ಗುಡಿಯ ಹೊರಗೋಡೆಯಲ್ಲಿ ಇನ್ನೂ ಹೆಚ್ಚು. ಒಂದು ಚಿತ್ರ ಆದ ಮೇಲೆ ಒಂದು, ಗೋಡೆಯುದ್ದಕ್ಕೂ. ಕೆಲವು ಕಡೆ ಪಾತ್ರದ ಹೆಸರನ್ನು ಹಳಗನ್ನಡದ ಅಕ್ಷರದಲ್ಲಿ ಪಕ್ಕದಲ್ಲೇ ಕೆತ್ತಿದ್ದಾರೆ. ಬರೀ ಹೆಸರು, ಮಾತಿಲ್ಲ. ಎಂಟನೇ ಶತಮಾನದ ಕೆಲಸ. ಆ ಶಿಲ್ಪಿ ಯಾರನ್ನು ನೆನೆದು ಕೆತ್ತಿದ? ಅಕ್ಷರ ಬರದವರನ್ನೇ ಅಲ್ವಾ? ನಾವು ಮೂವರೂ ಗೋಡೆಯ ಜೊತೆ ನಡೆಯುತ್ತಾ ಕಥೆ ಹಿಡಿದೆವು. ನಡುವೆ ಹುಡುಗಿ ನಿಂತಳು. "ದೊಡ್ಡವ್ವಾ, ಇಲ್ಲಿ ರಾಮಗೂ ರಾವಣಗೂ ಒಂದ ಬಣ್ಣ" ಅಂದಳು. ಕೆಂಪು ಕಲ್ಲು, ಎಲ್ಲರೂ ಕೆಂಪು. ಅವತ್ತಿನಿಂದ ನನ್ನ ಬೆರಳು ಮಾತು ಮುಚ್ಚಿದ ಮೇಲೆ ಬಣ್ಣವನ್ನೂ ನೋಡುತ್ತದೆ. ಯಾರಿಗೆ ಯಾವ ಬಣ್ಣ ಹಾಕಿದ್ದಾರೆ, ಯಾಕೆ ಹಾಕಿದ್ದಾರೆ ಅಂತ.

ಚಾಚಾ ಚೌಧರಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪ್ರಾಣ್ ಅವರು 1971ರಲ್ಲಿ ಹುಟ್ಟಿಸಿದ ಮುದುಕ. ಜೊತೆಗೆ ಗುರು ಗ್ರಹದಿಂದ ಬಂದ ದೈತ್ಯ ಸಾಬೂ. ಆರೇಳು ವರ್ಷದ ಮಕ್ಕಳು ಮೊದಲು ಎಳೆಯುವುದೇ ಇದನ್ನು, ಅಕ್ಷರ ಬರದವರೂ ನಗುತ್ತಾರೆ. ಕಾಮಿಕ್ಸ್ ಓದುವ ಅಭ್ಯಾಸ ಹಚ್ಚಲು ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ನಾಲ್ಕು ತಗೊಳ್ಳಿ, ನಲವತ್ತು ಬೇಡ. ಐದನೆಯದರಿಂದ ಅದೇ ಕಳ್ಳ, ಅದೇ ಏಟು. ಹಿಂದಿ ಕಾಮಿಕ್ಸಿನ ವೀರರಾದ ನಾಗರಾಜ, ಸೂಪರ್ ಕಮಾಂಡೋ ಧ್ರುವ ನನ್ನ ತಮ್ಮನ ಪ್ರೀತಿ, ಅವನ್ನು ಅವನೇ ಬರೆಯಲಿ. ಮಕ್ಕಳ ಪತ್ರಿಕೆ ಟಿಂಕಲ್ 1980ರಿಂದ ಬರುತ್ತಿದೆ. ಅದರಲ್ಲಿ ನನಗೆ ಇಷ್ಟ ವಸಂತ ಹಲಬೆ ಬಿಡಿಸಿದ ಶಿಕಾರಿ ಶಂಭು. ಟೋಪಿ ಅವನ ಕಣ್ಣನ್ನು ಯಾವಾಗಲೂ ಮುಚ್ಚಿರುತ್ತದೆ. ಕಣ್ಣೇ ಕಾಣದ ಮುಖದಲ್ಲಿ ಹೆದರಿಕೆ ತೋರಿಸುವುದು ಎಷ್ಟು ಕಷ್ಟ, ಯೋಚಿಸಿ. ಭುಜದಿಂದ, ಮೊಣಕಾಲಿನಿಂದ ತೋರಿಸಿದ್ದಾರೆ.

ಈಗ ದುಬಾರಿ ಪುಸ್ತಕಗಳಿಗೆ ಬರೋಣ. ಆ ತಾಯಿ ಕೇಳಿದ ಐನೂರು ರೂಪಾಯಿ ಪ್ರಶ್ನೆ ಇವುಗಳದ್ದೇ.

ಟಿನ್‌ಟಿನ್ ಕೊಡಿಸಬಹುದು. ಕಣ್ಣು ಮುಚ್ಚಿಕೊಂಡು ಅಲ್ಲ, ಆರಿಸಿ. ಬೆಲ್ಜಿಯಂನ ಎರ್ಜೆ 1929ರಲ್ಲಿ ಶುರು ಮಾಡಿದ, ದೇಶ ದೇಶ ಸುತ್ತುವ ಒಬ್ಬ ಯುವ ವರದಿಗಾರನ ಸಾಹಸದ ಸರಣಿ, ಕೊನೆಯ ಅರ್ಧಕ್ಕೆ ನಿಂತದ್ದೂ ಸೇರಿ 24 ಪುಸ್ತಕ. ಒಂದನೇ ನಂಬರಿನಿಂದ ಶುರು ಮಾಡಬೇಡಿ. ಮೊದಲೆರಡು ಕಚ್ಚಾ ಕೆಲಸ. ಎರಡನೆಯದು, ಕಾಂಗೋ ದೇಶದ ಕಥೆ, ಆಫ್ರಿಕಾದ ಜನರನ್ನು ಬಹಳ ಕೀಳಾಗಿ ತೋರಿಸುತ್ತದೆ. ಎರ್ಜೆ ಅವರೇ ಆಮೇಲೆ ಅದಕ್ಕೆ ಬೇಸರ ಪಟ್ಟಿದ್ದಾರೆ. ಅದು ನನ್ನ ಕಪಾಟಿನಲ್ಲಿ ಇಲ್ಲ, ಇಡುವುದೂ ಇಲ್ಲ. ಅದೇ ಮನುಷ್ಯ ಕೆಲವೇ ವರ್ಷದಲ್ಲಿ 'ದಿ ಬ್ಲೂ ಲೋಟಸ್' ಮಾಡಿದರು. ಜಾಂಗ್ ಎಂಬ ಚೀನೀ ವಿದ್ಯಾರ್ಥಿಯ ಗೆಳೆತನ ಆಗಿತ್ತು. ಅವನಿಂದ ಕೇಳಿ, ತಿಳಿದು, ಚೀನಾದ ಬೀದಿ, ಫಲಕ, ಮುಖ ಎಲ್ಲವನ್ನೂ ಸರಿಯಾಗಿ ಬಿಡಿಸಿದರು. ಒಬ್ಬ ಗೆಳೆಯ ಸಿಕ್ಕರೆ ಕೈ ಎಷ್ಟು ಬದಲಾಗುತ್ತದೆ ಅಂತ ನೋಡಲು ಆ ಪುಸ್ತಕ ಓದಿ.

ನನ್ನ ಕಪಾಟಿನಲ್ಲಿ ಒಂದೇ ಒಂದು ಟಿನ್‌ಟಿನ್ ಇಡಲು ಜಾಗ ಇದ್ದರೆ ನಾನು ಇಡುವುದು 'ಟಿನ್‌ಟಿನ್ ಇನ್ ಟಿಬೆಟ್'. 1960ರ ಪುಸ್ತಕ. ಖಳನಾಯಕ ಇಲ್ಲ, ಬಂದೂಕಿನ ಕಾಳಗ ಇಲ್ಲ. ವಿಮಾನ ಬಿದ್ದು ಕಳೆದುಹೋದ ಗೆಳೆಯ ಚಾಂಗ್ ಬದುಕಿದ್ದಾನೆ ಅಂತ ಟಿನ್‌ಟಿನ್ ಒಬ್ಬನೇ ನಂಬುತ್ತಾನೆ, ಹುಡುಕಲು ಹೊರಡುತ್ತಾನೆ. ದಾರಿಯಲ್ಲಿ ದೆಹಲಿ ಬರುತ್ತದೆ, ಕುತುಬ್ ಮಿನಾರ್, ಕೆಂಪುಕೋಟೆ ಬರುತ್ತವೆ. ಅವನ ಜೊತೆಗಾರ ಕ್ಯಾಪ್ಟನ್ ಹ್ಯಾಡಾಕ್ ಬೀದಿಯಲ್ಲಿ ಮಲಗಿದ ಆಕಳನ್ನು ದಾಟಲು ಹೋಗಿ ಅದರ ಬೆನ್ನ ಮೇಲೇ ಕೂರುತ್ತಾನೆ. ಆ ಪುಟಕ್ಕೆ ನಮ್ಮ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ, ನವನಗರದಲ್ಲಿ ದಿನಾ ನೋಡುವ ಆಕಳಲ್ವಾ. ಆಮೇಲೆ ಹಿಮ. ಪುಟದ ಮೇಲೆ ಪುಟ ಬಿಳಿ. ನಮ್ಮ ಊರಿನ ಏಪ್ರಿಲ್ ಬಿಸಿಲಲ್ಲಿ ಕೂತು ಓದಿದರೂ ಆ ಬಿಳಿ ಚಳಿ ಹಿಡಿಸುತ್ತದೆ.

ಕೊನೆಯ ಚಿತ್ರದಲ್ಲಿ ಒಂದೂ ಮಾತಿಲ್ಲ. ಎಲ್ಲರೂ ಊರ ದಾರಿ ಹಿಡಿದಿದ್ದಾರೆ. ದೂರದಲ್ಲಿ ಯೇತಿ, ಅಂದರೆ ಹಿಮದಲ್ಲಿರುವ ಮನುಷ್ಯನಂಥ ಪ್ರಾಣಿ, ಒಂದೇ ನಿಂತು ಅವರನ್ನು ನೋಡುತ್ತಿದೆ. ಅದು ಚಾಂಗ್‌ನನ್ನು ಕಾಪಾಡಿದ್ದ ಪ್ರಾಣಿ. ಈಗ ಅದರ ಜೊತೆ ಯಾರೂ ಇಲ್ಲ. ಯೂನಿಫಾರ್ಮ್ ಅಳತೆ ಕೊಡಲು ಬಂದಿದ್ದ ಒಬ್ಬ ಹುಡುಗ ಆ ಚಿತ್ರ ನೋಡಿ ಪುಸ್ತಕ ಮುಚ್ಚಿದ, ಮತ್ತೆ ತೆಗೆದ, ಮತ್ತೆ ಮುಚ್ಚಿದ. ಅವನಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಏನೂ ಕೇಳಲಿಲ್ಲ. ಅವನಿಗೆ ಎಲ್ಲಾ ತಿಳಿದಿತ್ತು.

ಕೊಳ್ಳುವಾಗ ಒಂದು ಎಚ್ಚರ. ಟಿನ್‌ಟಿನ್‌ನಲ್ಲಿ ಕೆಲವು ಜೋಡಿ ಪುಸ್ತಕಗಳಿವೆ. ಯೂನಿಕಾರ್ನ್ ಹಡಗಿನ ಕಥೆ ರೆಡ್ ರ‍್ಯಾಕಮ್‌ನ ನಿಧಿಯಲ್ಲಿ ಮುಗಿಯುತ್ತದೆ. ಏಳು ಸ್ಫಟಿಕ ಗೋಳದ ಕಥೆ ಸೂರ್ಯನ ಕೈದಿಗಳಲ್ಲಿ ಮುಗಿಯುತ್ತದೆ. ಚಂದ್ರಯಾನದ್ದೂ ಎರಡು ಭಾಗ. ಅದು ಪುಸ್ತಕವಾಗಿ ಬಂದದ್ದು 1953 ಮತ್ತು 1954ರಲ್ಲಿ, ಮನುಷ್ಯ ನಿಜವಾಗಿ ಚಂದ್ರನ ಮೇಲೆ ಇಳಿಯುವುದಕ್ಕೆ 15 ವರ್ಷ ಮೊದಲು. ಜೋಡಿಯಲ್ಲಿ ಒಂದನ್ನೇ ತಂದರೆ ಮಗು ಅರ್ಧ ಕಥೆಗೆ ಒದ್ದಾಡುತ್ತದೆ. ನಾನು ಒಂದೇ ತಂದು ಮೂರು ತಿಂಗಳು ಮಕ್ಕಳ ಕೈಯಲ್ಲಿ ಮಾತು ಕೇಳಿದ್ದೇನೆ. ಈ ಸರಣಿ ಬಂಗಾಳಿಯಲ್ಲಿದೆ, ಹಿಂದಿಯಲ್ಲೂ ಬಂದಿದೆ. ಕನ್ನಡದ್ದು ನನ್ನ ಕೈಗೆ ಸಿಕ್ಕಿಲ್ಲ. ಹ್ಯಾಡಾಕ್‌ನ ಬೈಗುಳ ನಮ್ಮ ಬಾಗಲಕೋಟೆ ಮಾತಲ್ಲಿ ಬಂದರೆ ಹೇಗಿರಬಹುದು ಅಂತ ಎಷ್ಟೋ ಸಲ ಹೊಲಿಯುತ್ತಾ ಹೊಲಿಯುತ್ತಾ ಯೋಚಿಸಿದ್ದೇನೆ.

ಆಸ್ಟರಿಕ್ಸ್‌ಗೆ ಸ್ವಲ್ಪ ವಯಸ್ಸಾಗಬೇಕು. ರೋಮನ್ನರ ಜೊತೆ ಜಗಳಕ್ಕೆ ನಿಂತ ಒಂದು ಪುಟ್ಟ ಹಳ್ಳಿಯ ಕಥೆ, 1959ರಲ್ಲಿ ಗೊಸಿನಿ ಬರೆದು, ಉಡೆರ್ಝೋ ಚಿತ್ರ ಬಿಡಿಸಿ ಶುರುವಾದದ್ದು. ಜಗಳದ ಚಿತ್ರಗಳು ಯಾರಿಗಾದರೂ ತಿಳಿಯುತ್ತವೆ. ಆದರೆ ಅರ್ಧ ಮಜಾ ಇರುವುದು ಮಾತಿನ ಆಟದಲ್ಲಿ, ಹೆಸರುಗಳ ಒಳಗೆ. ಆಂಥಿಯಾ ಬೆಲ್, ಡೆರೆಕ್ ಹಾಕ್‌ರಿಡ್ಜ್ ಇಬ್ಬರೂ ಇಂಗ್ಲಿಷಿಗೆ ತರುವಾಗ ಹೆಸರುಗಳನ್ನೇ ಹೊಸದಾಗಿ ಕಟ್ಟಿದರು. ಅದು ಅನುವಾದ ಅಲ್ಲ, ಹೊಸ ಹೊಲಿಗೆ. ನನ್ನ ಮಗಳಿಗೆ ಏಳನೇ ಇಯತ್ತೆಯಲ್ಲಿ ಇದು ಹಿಡಿಸಲಿಲ್ಲ, ಒಂಬತ್ತನೆಯದಕ್ಕೆ ಬಂದಾಗ ಹಿಡಿಸಿತು. ಇಂಗ್ಲಿಷ್ ಚೆನ್ನಾಗಿ ಓಡುವ ಮಕ್ಕಳಿಗೆ ಕೊಡಿ. ಗೊಸಿನಿ 1977ರಲ್ಲಿ ತೀರಿಕೊಂಡರು. ಅವರು ಬರೆದ 24 ಪುಸ್ತಕಗಳ ಒಳಗೇ ಆರಿಸಿ. ಆಮೇಲೆ ಉಡೆರ್ಝೋ ಒಬ್ಬರೇ ಮಾಡಿದವುಗಳಲ್ಲಿ ಚಿತ್ರದ ಕೈ ಹಾಗೇ ಇದೆ, ಕಥೆ ಮಾತ್ರ ಸಡಿಲ.

ಈಗ ಮಗಳ ಖಾನೆ. ಕೆಳಗಿನದು, ಅತಿ ಹೆಚ್ಚು ಕಿತ್ತಾಡುವುದು. ಮಾಂಗಾ, ಅಂದರೆ ಜಪಾನಿನ ಕಾಮಿಕ್ಸ್.

ಮೊದಲ ಸಲ ಅವಳು ತಂದಾಗ ನಾನು ತಪ್ಪು ಕಡೆಯಿಂದ ತೆಗೆದೆ. ಬಲದಿಂದ ಎಡಕ್ಕೆ ಓದಬೇಕು, ನಮಗೆ ಕೊನೆಯ ಪುಟ ಅನಿಸುವುದೇ ಮೊದಲ ಪುಟ. "ಅವ್ವಾ, ಉಲ್ಟಾ ಹಿಡಿ" ಅಂತ ಅವಳು ಕೈ ಹಿಡಿದು ಕಲಿಸಿದಳು. ನಾಲ್ಕು ದಿನದಲ್ಲಿ ರೂಢಿಯಾಯಿತು. ಹಿರಿಯರಿಗೆ ಹೇಳುತ್ತೇನೆ, ಇದಕ್ಕೆ ಹೆದರಬೇಡಿ.

ಹೆದರಬೇಕಾದದ್ದು ಉದ್ದಕ್ಕೆ. ಒನ್ ಪೀಸ್ 1997ರಲ್ಲಿ ಶುರುವಾಗಿ 100 ಸಂಪುಟ ದಾಟಿದೆ, ಇನ್ನೂ ಮುಗಿದಿಲ್ಲ. ನರುಟೋ 72ಕ್ಕೆ ಮುಗಿದಿದೆ. ಒಳ್ಳೆಯವೇ ಇರಬಹುದು. ಆದರೆ ಹೊಲಿಗೆ ದುಡ್ಡಿನಲ್ಲಿ 100 ಪುಸ್ತಕ ಕೊಳ್ಳುವ ಮನೆ ಯಾವುದು? ಮಗು ಹತ್ತನೆಯದರಲ್ಲಿ ನಿಂತು ಮುಂದಿನದಕ್ಕೆ ಅಳುತ್ತದೆ. ನನ್ನ ಸಲಹೆ ಇಷ್ಟು: ಮುಗಿದ ಸರಣಿ ನೋಡಿ, ಮೂವತ್ತರ ಒಳಗಿರುವುದು ನೋಡಿ. ಕಥೆ ಮುಗಿಸಲು ಗೊತ್ತಿರುವವರಿಗೆ ದುಡ್ಡು ಕೊಡಿ.

ಆ ಲೆಕ್ಕದಲ್ಲಿ ನಾವು ಕಂಡುಕೊಂಡದ್ದು 'ಫುಲ್‌ಮೆಟಲ್ ಆಲ್ಕೆಮಿಸ್ಟ್'. ಹಿರೋಮು ಅರಕಾವಾ ಬರೆದು ಚಿತ್ರಿಸಿದ್ದು, 2001ರಿಂದ 2010, 27 ಸಂಪುಟ, ಮುಗಿದಿದೆ. ಅರಕಾವಾ ಹೆಣ್ಣುಮಗಳು, ಹೊಕ್ಕೈಡೋದ ಹೈನುಗಾರರ ಮನೆಯವರು, ದನ ಕಾಯ್ದು ಹಾಲು ಕರೆದು ಬೆಳೆದವರು. ಅದು ಪುಸ್ತಕದಲ್ಲಿ ಕಾಣುತ್ತದೆ. ಎಡ್ವರ್ಡ್, ಆಲ್ಫಾನ್ಸ್ ಅಂತ ಇಬ್ಬರು ಅಣ್ಣ ತಮ್ಮ. ಸತ್ತ ತಾಯಿಯನ್ನು ರಸವಿದ್ಯೆಯಿಂದ ವಾಪಸ್ ತರಲು ಹೋಗುತ್ತಾರೆ. ತಾಯಿ ಬರುವುದಿಲ್ಲ. ಅಣ್ಣನ ಕಾಲು ಹೋಗುತ್ತದೆ, ತಮ್ಮನ ದೇಹವೇ ಹೋಗುತ್ತದೆ. ತಮ್ಮನ ಜೀವವನ್ನು ಒಂದು ಕಬ್ಬಿಣದ ಕವಚಕ್ಕೆ ಕಟ್ಟಲು ಅಣ್ಣ ಬಲಗೈಯನ್ನೂ ಕೊಡುತ್ತಾನೆ. ಏನಾದರೂ ಬೇಕಾದರೆ ಅಷ್ಟೇ ಬೆಲೆಯದ್ದು ಕೊಡಬೇಕು ಎಂಬುದು ಆ ಲೋಕದ ನಿಯಮ. ಕರೆಯದೆ ಹಾಲು ಬರುವುದಿಲ್ಲ, ದುಡಿಯದೆ ಬೆಳೆ ಬರುವುದಿಲ್ಲ ಅಂತ ತಿಳಿದ ಮನೆಯವರಿಗೆ ಇಂಥ ಕಥೆ ಹೊಳೆದದ್ದು ನನಗೆ ಆಶ್ಚರ್ಯ ಅನಿಸುವುದಿಲ್ಲ.

ನನಗೆ ಅದರಲ್ಲಿ ಪ್ರೀತಿ ವಿನ್ರಿ ಎಂಬ ಹುಡುಗಿ ಮೇಲೆ. ಎಡ್ವರ್ಡ್‌ಗೆ ಕಬ್ಬಿಣದ ಕೈಕಾಲು ಮಾಡಿಕೊಡುವವಳು ಅವಳು. ಅವನು ಕೈ ಪುಡಿ ಮಾಡಿಕೊಂಡು ಬಂದಾಗ ಬೈಯುತ್ತಾಳೆ, ಆಮೇಲೆ ನಿದ್ದೆ ಬಿಟ್ಟು ಕೂತು ಹೊಸದು ಕಟ್ಟುತ್ತಾಳೆ. ಕೈಕೆಲಸ ಮಾಡುವವರನ್ನು ಇಷ್ಟು ಗೌರವದಿಂದ ಬಿಡಿಸಿದ ಕಾಮಿಕ್ಸ್ ನಾನು ಬೇರೆ ನೋಡಿಲ್ಲ. ಅವಳ ಮೇಜಿನ ಮೇಲಿನ ಸ್ಕ್ರೂ, ಎಣ್ಣೆ ಮೆತ್ತಿದ ಕೈ, ಕೆಲಸ ಮುಗಿದಾಗ ಮುಖದಲ್ಲಿ ಬರುವ ಬೆಳಕು. ಮದುವೆ ಹಿಂದಿನ ರಾತ್ರಿ ಎರಡು ಗಂಟೆಗೆ ಕೊನೆಯ ಬ್ಲೌಸ್‌ಗೆ ಹುಕ್ಕು ಹಾಕಿ ಎದ್ದಾಗ ನನಗೆ ಆಗುವುದು ಅದೇ. ಮಾತು ಮುಚ್ಚಿ ನೋಡಿ, ತಿಳಿಯುತ್ತದೆ. ಆ ದೊಡ್ಡ ಕಬ್ಬಿಣದ ಕವಚಕ್ಕೆ ಮುಖವೇ ಇಲ್ಲ, ಆದರೂ ಆಲ್ಫಾನ್ಸ್ ಬೇಸರದಲ್ಲಿದ್ದಾನೆ ಅಂತ ಅವನು ಕೂತ ರೀತಿಯಲ್ಲೇ ತಿಳಿಯುತ್ತದೆ.

ಚಿಕ್ಕವರಿಗೆ ಮಾತ್ರ ಕೊಡಬೇಡಿ. ಎರಡನೇ ಸಂಪುಟದಲ್ಲಿ ನೀನಾ ಎಂಬ ಪುಟ್ಟ ಹುಡುಗಿಯ ಕಥೆ ಬರುತ್ತದೆ. ದೊಡ್ಡವರಿಗೇ ತಡೆದುಕೊಳ್ಳಲು ಆಗುವುದಿಲ್ಲ. ನಾನು ಅದನ್ನು ಓದಿ ಆ ರಾತ್ರಿ ಮಗಳ ಪಕ್ಕ ಮಲಗಿದೆ. ಹದಿಮೂರು ದಾಟಲಿ, ಮೊದಲು ನೀವು ಓದಿ.

ಮಗಳಿಗೂ ನನಗೂ ಜಗಳ ಇರುವುದು 'ಡೆತ್ ನೋಟ್' ಮೇಲೆ. 12 ಸಂಪುಟ, ಮುಗಿದಿದೆ, ಕಪಾಟಿಗೆ ಹಗುರ. ಓಬಾಟಾ ಅವರ ಗೆರೆ ಬಹಳ ಚೆಂದ. ಆದರೆ ಇಬ್ಬರು ಬುದ್ಧಿವಂತರು ಕೂತು ಯೋಚಿಸುತ್ತಾರೆ, ಯೋಚಿಸಿದ್ದನ್ನೆಲ್ಲಾ ಬರೆಯುತ್ತಾರೆ. ಬೆರಳಿಟ್ಟು ಮುಚ್ಚಲು ಹೋದರೆ ಪುಟವೇ ಮುಚ್ಚಿಹೋಗುತ್ತದೆ. ನನ್ನ ಲೆಕ್ಕದಲ್ಲಿ ಫೇಲು. "ಅವ್ವಾ, ಮಾತ ಇದರಾಗಿನ ಹೊಡೆದಾಟ" ಅಂತಾಳೆ ಮಗಳು. ಅವಳ ಮಾತಿನಲ್ಲಿ ನ್ಯಾಯ ಇದೆ ಅನಿಸಿ ಎರಡನೇ ಸಲ ಓದಿದೆ. ಏಳನೇ ಸಂಪುಟದ ತನಕ ನನ್ನನ್ನೂ ಎಳೆದುಕೊಂಡು ಹೋಯಿತು. ಅಲ್ಲಿಂದ ಮುಂದೆ ನನಗೆ ಆಸಕ್ತಿ ಉಳಿಯಲಿಲ್ಲ. ಎರವಲು ಸಿಕ್ಕರೆ ಓದಿ, ಕೊಳ್ಳಬೇಡಿ.

ಮಕ್ಕಳ ಕೈಗೆ ಸಿಗದ ಹಾಗೆ ಲೈನಿಂಗ್ ಬಟ್ಟೆ ಹಿಂದೆ ನಾನು ಇಟ್ಟಿರುವುದು ಒಸಾಮು ತೆಜುಕಾ ಅವರ 'ಬುದ್ಧ'. ಇಂಗ್ಲಿಷಿನಲ್ಲಿ 8 ಸಂಪುಟ. ಹಿಂಸೆ ಇದೆ, ಬೆತ್ತಲೆ ಮೈ ಇದೆ, ಅದಕ್ಕೇ ಮೇಲೆ. ದೊಡ್ಡವರು ಮಾತ್ರ ತಪ್ಪದೆ ಓದಬೇಕು. ಮೊದಲ ಸಂಪುಟದಲ್ಲಿ ಕಥೆ ನಡೆಸುವುದು ಸಿದ್ಧಾರ್ಥ ಅಲ್ಲ, ಚಾಪ್ರ ಎಂಬ ಗುಲಾಮ ಹುಡುಗ ಮತ್ತು ತತ್ತ ಎಂಬ ತುಂಟ ಪೋರ. ಜಾತಿಯ ಏಟು ತಿಂದವರ ಕಡೆಯಿಂದ ಬುದ್ಧನ ಕಥೆ ಶುರುವಾಗುತ್ತದೆ. ಜಪಾನಿನಲ್ಲಿ ಕೂತು ಒಬ್ಬರು ಇದನ್ನು ಬರೆದರು ಅಂತ ನೆನೆದರೆ ಮೈ ಜುಂ ಅನ್ನುತ್ತದೆ.

ಸರಣಿ ಅಲ್ಲದಿದ್ದರೂ ಒಂದು ಪುಸ್ತಕ ಹೇಳದೆ ಬಿಡಲಾರೆ. 'ಭೀಮಾಯಣ', 2011ರಲ್ಲಿ ಬಂದದ್ದು. ಅಂಬೇಡ್ಕರ್ ಅವರ ಬದುಕು. ಚಿತ್ರ ಬರೆದವರು ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್. ಈ ಪುಸ್ತಕದಲ್ಲಿ ಚೌಕ ಇಲ್ಲ. ಚೌಕದೊಳಗೆ ಜನರನ್ನು ಕೂಡಿಹಾಕಲು ಅವರಿಗೆ ಮನಸ್ಸಿರಲಿಲ್ಲವಂತೆ. ಮಾತಿನ ಗುಳ್ಳೆಗಳನ್ನು ನೋಡಬೇಕು. ಒಳ್ಳೆಯ ಮಾತು ಹಕ್ಕಿಯ ಆಕಾರದಲ್ಲಿದೆ. ಚುಚ್ಚುವ ಮಾತಿಗೆ ಚೇಳಿನ ಬಾಲ ಇದೆ! ಇಲ್ಲಿ ನನ್ನ ಬೆರಳಿಗೆ ಕೆಲಸವೇ ಇಲ್ಲ. ಅಕ್ಷರ ಬರದಿದ್ದರೂ ಯಾವ ಮಾತು ಕುಟುಕಿತು ಅಂತ ತಿಳಿಯುತ್ತದೆ. ಶಾಲೆಯಲ್ಲಿ ಬಾಯಾರಿದ ಹುಡುಗ ಭೀಮನಿಗೆ ನೀರು ಸಿಗದ ಪುಟದ ಮುಂದೆ ನಮ್ಮ ಕಾಜಾ ಮಾಡುವ ತಂಗಿ ಸೂಜಿ ಬಿಟ್ಟು ಬಹಳ ಹೊತ್ತು ಕೂತಿದ್ದಳು. ಸಂಜೆ ಹೋಗುವಾಗ "ಅಕ್ಕಾ, ಇದನ್ನ ಒಂದಿನ ಮನಿಗೆ ಒಯ್ಯಲೇನ್ರಿ?" ಅಂತ ಕೇಳಿದಳು. ಪುಸ್ತಕ ಮನೆಗೆ ಕೊಡುವುದಿಲ್ಲ ಎಂಬ ನನ್ನ ನಿಯಮ ಅವತ್ತು ಮುರಿಯಿತು.

ಕೊಳ್ಳುವ ಬಗ್ಗೆ ಎರಡು ಮಾತು. ಹುಬ್ಬಳ್ಳಿ, ಬೆಳಗಾವಿಗೆ ಹೋದಾಗ ಅಂಗಡಿಯಲ್ಲಿ ಕೈಯಲ್ಲಿ ಹಿಡಿದೇ ತಗೊಳ್ಳಿ. ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ಪೂರ್ತಿ ಸೆಟ್ ಅಂತ ನೋಡಿ ನಾನು ಒಂದು ಸಲ ಮೋಸ ಹೋದೆ. ಬಂದದ್ದು ನಕಲಿ ಮುದ್ರಣ. ಕಪ್ಪು ಇರಬೇಕಾದ ಕಡೆ ಬೂದಿ ಬಣ್ಣ. ಗೆರೆ ಮಸುಕು. ಬೈಂಡಿಂಗ್ ಕಡೆಯ ಮಾತು ಅರ್ಧ ಕತ್ತರಿಸಿ ಹೋಗಿತ್ತು. ಒಂದರಲ್ಲಂತೂ ಹದಿನಾರು ಪುಟ ಎರಡು ಸಲ ಬಂದು, ಬೇರೆ ಹದಿನಾರು ಇರಲೇ ಇಲ್ಲ. ದುಡ್ಡು ವಾಪಸ್ ಬರಲಿಲ್ಲ. ಅಂಥ ಪುಸ್ತಕದ ಪುಟವನ್ನು ಬೆಳಕಿಗೆ ಹಿಡಿದರೆ ಹಿಂದಿನ ಪುಟದ ಚಿತ್ರ ಪೂರ್ತಿ ಕಾಣುತ್ತದೆ, ಅಗ್ಗದ ಲೈನಿಂಗ್ ಹಾಗೆ. ಮೂರು ಸಂಪುಟ ಸೇರಿಸಿದ ದಪ್ಪ ಪುಸ್ತಕಗಳೂ ಬರುತ್ತವೆ. ಫುಲ್‌ಮೆಟಲ್ ಹಾಗೆ ತಗೊಂಡರೆ 27ರ ಬದಲು 9. ಮನೆಯಲ್ಲಿ ಒಬ್ಬರೇ ಓದುವುದಾದರೆ ಅದೇ ತಗೊಳ್ಳಿ, ದುಡ್ಡು ಉಳಿಯುತ್ತದೆ. ನನ್ನ ಅಂಗಡಿಯಂತೆ ಹತ್ತು ಕೈ ತಿರುಗುವ ಕಡೆ ಬಿಡಿ ಸಂಪುಟವೇ ಒಳ್ಳೆಯದು. ದಪ್ಪದ್ದು ಬೆನ್ನು ಬಿಡುತ್ತದೆ, ಮತ್ತೆ ಒಂದು ಮಗು ಅದನ್ನು ಹಿಡಿದು ಕೂತರೆ ಉಳಿದಿಬ್ಬರು ಕಾಯಬೇಕು.

ದೀಪಾವಳಿ ಹೊಲಿಗೆ ಮುಗಿದ ಮೇಲೆ ಅರಕಾವಾ ಅವರದ್ದೇ ಇನ್ನೊಂದು ಸರಣಿ ತರುತ್ತೇನೆ. 'ಸಿಲ್ವರ್ ಸ್ಪೂನ್', 15 ಸಂಪುಟ. ಕೃಷಿ ಶಾಲೆಗೆ ಸೇರಿದ ಪಟ್ಟಣದ ಹುಡುಗನ ಕಥೆ, ಹಂದಿ, ಹಸು, ಹಾಲು, ಗೊಬ್ಬರ. ಒಂದನೇ ಸಂಪುಟ ಅಂಗಡಿಯಲ್ಲಿ ನಿಂತೇ ಅರ್ಧ ಓದಿ ಬಂದಿದ್ದೇನೆ. ಬಾಗಲಕೋಟೆಯ ಮಕ್ಕಳಿಗೆ ಅದು ಹಿಡಿಸದಿದ್ದರೆ ಇನ್ಯಾರಿಗೆ ಹಿಡಿಸಬೇಕು?

ಕಡೆಗೆ ನನ್ನದೊಂದು ಕೇಳಿಕೆ. ಫುಲ್‌ಮೆಟಲ್ ಏಳನೇ ಸಂಪುಟ ಯುಗಾದಿಯಿಂದ ಕಪಾಟಿನಲ್ಲಿಲ್ಲ. ಯೂನಿಫಾರ್ಮ್ ಚೀಲದಲ್ಲಿ ಯಾರ ಮನೆಗೋ ಹೋಗಿರಬೇಕು. ಇದನ್ನು ಓದುವವರಲ್ಲಿ ನವನಗರದವರಿದ್ದರೆ ಒಂದು ಸಲ ಮನೆಯಲ್ಲಿ ಹುಡುಕಿ ನೋಡಿ. ಸಿಕ್ಕರೆ ಬೆಂಚಿನ ಮೇಲೆ ಇಟ್ಟು ಹೋಗಿ, ನಾನು ಏನೂ ಕೇಳುವುದಿಲ್ಲ. ಆರನೆಯದು ಮುಗಿಸಿ ಇಬ್ಬರು ಕಾಯುತ್ತಿದ್ದಾರೆ.